ಹಳೇ ಕೋವಿ ಕೊಳ್ಳೋ ಮುಂಚೆ ಪುಸ್ತಕ ಕೊಳ್ಳಿ: ‘ಟಿಪ್ಪು ಕಾಲದ್ದು’ ಅನ್ನೋ ಮಾತಿಗೆ ದುಡ್ಡು ಕೊಡಬೇಡಿ

ಅಟ್ಟ ಖಾಲಿ ಮಾಡುವಾಗಲೋ, ಹಳೇ ಮನೆ ಕೆಡವುವಾಗಲೋ ಸಿಗುವ ತುಕ್ಕು ಹಿಡಿದ ಕೋವಿಗೆ ನಮ್ಮ ಕಡೆ ಎರಡೇ ದಾರಿ. ಒಂದೋ ಕೆ.ಜಿ. ಲೆಕ್ಕದಲ್ಲಿ ಗುಜರಿಗೆ ಹೋಗುತ್ತೆ, ಇಲ್ಲಾ ‘ಇದು ಟಿಪ್ಪು ಕಾಲದ್ದು’ ಅನ್ನೋ ಒಂದೇ ಮಾತಿನ ಮೇಲೆ ಭಾರೀ ಬೆಲೆಗೆ ಕೂರುತ್ತೆ. ಮೊದಲನೇದರಲ್ಲಿ ಮಾರುವವರಿಗೆ ನಷ್ಟ, ಎರಡನೇದರಲ್ಲಿ ಕೊಳ್ಳುವವರಿಗೆ. ಆ ಕೋವಿ ಏನು ಅಂತ ನೋಡಿ ಹೇಳುವ ಪುಸ್ತಕ ಮಾತ್ರ ಇಬ್ಬರ ಹತ್ತಿರವೂ ಇರಲ್ಲ. ಹಳೇ ಕೋವಿ ಸಂಗ್ರಹಿಸುವವರು ಮೊದಲು ಪುಸ್ತಕಕ್ಕೆ ದುಡ್ಡು ಹಾಕೋದು ಇದಕ್ಕೇ.

ಕೇಪು ಇದ್ದರೆ ಟಿಪ್ಪು ಕಾಲದ್ದಲ್ಲ

ಮಲೆನಾಡು, ಕೊಡಗಿನ ಕಡೆ ಎಲ್ಲರಿಗೂ ಗೊತ್ತಿರುವ ಕೇಪಿನ ಕೋವಿಯನ್ನೇ ತಗೊಳ್ಳಿ. ಕುದುರೆ ಬಡಿದಾಗ ಕೇಪು ಸಿಡಿದು ಮದ್ದಿಗೆ ಬೆಂಕಿ ಹತ್ತುತ್ತೆ. ಈ ಕೇಪು ಬಳಕೆಗೆ ಬಂದಿದ್ದು 19ನೇ ಶತಮಾನದಲ್ಲಿ. ಟಿಪ್ಪು ತೀರಿಕೊಂಡಿದ್ದು 1799ರ ಮೇ 4ರಂದು. ಅವನ ಕಾಲದ ಕೋವಿಗಳಿಗೆ ಬೆಂಕಿ ಕೊಡುತ್ತಿದ್ದುದು ಚಕಮಕಿ ಕಲ್ಲು ಅಥವಾ ಉರಿಯುವ ಬತ್ತಿ. ಹಾಗಾಗಿ ಕೇಪಿನ ಕೋವಿ ತೋರಿಸಿ ಟಿಪ್ಪು ಹೆಸರು ಹೇಳಿದರೆ ಆ ಮಾತು ಅಲ್ಲೇ ಬಿದ್ದುಹೋಯಿತು. ಒಂದೇ ಸಾಧ್ಯತೆ ಇದೆ: ಚಕಮಕಿ ಕೋವಿಯನ್ನೇ ಆಮೇಲೆ ಕೇಪಿಗೆ ಬದಲಾಯಿಸಿರಬಹುದು. ಹಾಗೆ ಬದಲಾಯಿಸಿದ್ದರೆ ಗುರುತು ಎಲ್ಲೆಲ್ಲಿ ಉಳಿದಿರುತ್ತೆ ಅನ್ನೋದನ್ನೂ ಪುಸ್ತಕದ ಚಿತ್ರ ನೋಡಿಯೇ ತಿಳಿಯಬೇಕು.

ಇಸವಿಯೂ ದಾರಿ ತಪ್ಪಿಸುತ್ತೆ

ನಿಜವಾದ ಟಿಪ್ಪು ಕೋವಿಯನ್ನೇ ಕೈಗೆ ಕೊಟ್ಟರೂ ಪುಸ್ತಕ ಇಲ್ಲದವರು ನಕಲಿ ಅಂದುಬಿಡಬಹುದು. ಟಿಪ್ಪು ತನ್ನದೇ ಆದ ಮೌಲೂದಿ ಶಕೆ ಜಾರಿಗೆ ತಂದಿದ್ದ. ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಕೋವಿ ಮೇಲೆ 2221 ಅಂತ ಕಂಡರೆ ಅದು 1222. ಇದನ್ನು ಮಾಮೂಲಿ ಹಿಜರಿ ಅಂತ ಲೆಕ್ಕ ಹಾಕಿದರೆ ಕ್ರಿ.ಶ. 1807 ಬರುತ್ತೆ, ಅಂದರೆ ಟಿಪ್ಪು ಸತ್ತು ಎಂಟು ವರ್ಷದ ಮೇಲೆ! ಮೌಲೂದಿ ಲೆಕ್ಕದಲ್ಲಿ ನೋಡಿದರೆ ಅದು 1793-94. ಅಂಕಿ ಒಂದೇ, ಓದುವ ರೀತಿ ಬದಲಾದರೆ ಬೆಲೆ ಪೂರ್ತಿ ಬದಲು.

ಈ ಕೋವಿಗಳ ಬಗ್ಗೆ ರಾಬಿನ್ ವಿಗಿಂಗ್ಟನ್ ಅನ್ನೋ ಇಂಗ್ಲೆಂಡಿನ ಸಂಗ್ರಾಹಕರು 1992ರಲ್ಲಿ ಒಂದು ಪುಸ್ತಕವನ್ನೇ ತಂದರು. ಹುಲಿಪಟ್ಟೆ ಕೆತ್ತನೆ, ಹುಲಿಮುಖದ ಕುದುರೆ, ಮುದ್ರೆ, ಬರಹ ಎಲ್ಲವನ್ನೂ ಅದರಲ್ಲಿ ದಾಖಲಿಸಿದ್ದಾರೆ. ಶ್ರೀರಂಗಪಟ್ಟಣ ಬಿದ್ದಾಗ ಇಂಥ ಎಷ್ಟೋ ಕೋವಿಗಳು ಇಂಗ್ಲೆಂಡಿಗೆ ಸಾಗಿಹೋದವು. ಈಗ ಹರಾಜಿಗೆ ಬಂದಾಗ ‘ಈ ಪುಸ್ತಕದಲ್ಲಿ ಅಚ್ಚಾಗಿದೆ’ ಅನ್ನೋ ಒಂದು ಸಾಲನ್ನು ಕ್ಯಾಟಲಾಗಿನಲ್ಲಿ ಹಾಕುತ್ತಾರೆ. ಕೊಳ್ಳುವವರಿಗೆ ಧೈರ್ಯ ಬರೋದು ಆ ಸಾಲಿನಿಂದ.

ಕಂಪನಿ ಕೋವಿಗೆ ಅಳತೆ ಟೇಪು ಸಾಕು

ಈಸ್ಟ್ ಇಂಡಿಯಾ ಕಂಪನಿಯ ಕೋವಿಗಳ ಬಗ್ಗೆ ಡೇವಿಡ್ ಹಾರ್ಡಿಂಗ್ ಅವರ ನಾಲ್ಕು ಸಂಪುಟಗಳಿವೆ. ಕಂಪನಿಯ ಹಳೇ ಗುರುತು ಹೃದಯದ ಆಕಾರ, ಅದರೊಳಗೆ ವಿ, ಇ, ಐ, ಸಿ ಅಕ್ಷರ. 1808ರಿಂದ ಅದರ ಜಾಗಕ್ಕೆ ಎದ್ದು ನಿಂತ ಸಿಂಹ ಬಂತು. ಸಿಂಹದ ಮುದ್ರೆ ತೋರಿಸಿ ‘1799ರ ಯುದ್ಧದಲ್ಲಿ ಬಳಸಿದ್ದು’ ಅಂದರೆ ನಂಬಬೇಡಿ. ಮುದ್ರೆ ಅಳಿಸಿಹೋಗಿದ್ದರೆ ಅಳತೆ ಮಾತಾಡುತ್ತೆ. ಬ್ರಿಟಿಷ್ ಸೇನೆಯ ಚಕಮಕಿ ಕೋವಿಗಳಲ್ಲಿ ಹಳೇ ಮಾದರಿಯ ನಳಿಗೆ 46 ಇಂಚು, ನಂತರದ್ದು 42, ‘ಇಂಡಿಯಾ ಪ್ಯಾಟರ್ನ್’ ಅನ್ನೋದು 39.

ನಕಲಿ ಮಾಡುವವರೂ ಪುಸ್ತಕ ಓದುತ್ತಾರೆ, ಆದರೂ ಎಲ್ಲೋ ಒಂದು ಕಡೆ ಎಡವುತ್ತಾರೆ. ಖೈಬರ್ ಭಾಗದಲ್ಲಿ ತಯಾರಾದ ನಕಲುಗಳಲ್ಲಿ ವಿಕ್ಟೋರಿಯಾ ರಾಣಿಯ ‘ವಿ.ಆರ್.’ ಗುರುತಿನ ಕೆಳಗೆ 1901ರ ನಂತರದ ಇಸವಿ ಇರೋದುಂಟು. ರಾಣಿ ತೀರಿಕೊಂಡಿದ್ದು 1901ರ ಜನವರಿಯಲ್ಲಿ! ಅದಕ್ಕೇ ಒಂದು ಗುರುತು ನೋಡಿ ತೀರ್ಮಾನ ಮಾಡಬಾರದು. ಮುದ್ರೆ, ಇಸವಿ, ಅಳತೆ ಮೂರೂ ಒಂದಕ್ಕೊಂದು ಹೊಂದಬೇಕು.

ಯಾವ ಪುಸ್ತಕದಿಂದ ಶುರು ಮಾಡೋದು?

ಖರ್ಚಿಲ್ಲದೆ ಶುರು ಮಾಡೋಕೆ ಎಗರ್ಟನ್ ಅವರು 1880ರಲ್ಲಿ ಹೊರತಂದ ಭಾರತದ ಆಯುಧಗಳ ಸಚಿತ್ರ ಕೈಪಿಡಿ ಇದೆ. ಕಾಪಿರೈಟ್ ಮುಗಿದಿರೋದರಿಂದ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಓದಬಹುದು. ದೊಡ್ಡ ಹರಾಜು ಸಂಸ್ಥೆಗಳ ಹಳೇ ಕ್ಯಾಟಲಾಗುಗಳೂ ಒಳ್ಳೇ ಪಾಠ. ಒಂದು ವಿಷಯ ನೆನಪಿರಲಿ: ಬೆಲೆ ಪಟ್ಟಿಯ ಪುಸ್ತಕ ಕೆಲವೇ ವರ್ಷದಲ್ಲಿ ಹಳತಾಗುತ್ತೆ, ಗುರುತು ಹಚ್ಚುವ ಪುಸ್ತಕ ಬೇಗ ಹಳತಾಗಲ್ಲ.

ಅಂಗಡಿಯವರೇ, ಇದನ್ನು ಗಮನಿಸಿ

‘ಹಳೇದು ಅಂದ ಮೇಲೆ ಲೈಸೆನ್ಸ್ ಬೇಡ’ ಅನ್ನೋದು ತಪ್ಪು. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ವಿನಾಯಿತಿ ಸಿಗೋದು ರಿಪೇರಿ ಮಾಡಿದರೂ ಹಾರಿಸಲಾಗದ ಕೋವಿಗೆ ಮಾತ್ರ. ಅಜ್ಜನ ಕಾಲದ್ದಾದರೂ ಹಾರುವಂತಿದ್ದರೆ ಅದು ಬಂದೂಕೇ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿ ಬೇರೆಯವರಿಗೆ ಅನ್ವಯಿಸಲ್ಲ. ಲೈಸೆನ್ಸ್ ಇಲ್ಲದೆ ಬಂದೂಕು ಕೊಂಡು ಮಾರಿದರೆ ಗುಜರಿ ಅಂಗಡಿಯವರ ಮೇಲೂ ಕೇಸ್ ಆಗುತ್ತೆ. ಇನ್ನು ನೂರು ವರ್ಷ ದಾಟಿದ ಪ್ರಾಚ್ಯವಸ್ತುವನ್ನು ಖಾಸಗಿಯವರು ವಿದೇಶಕ್ಕೆ ಕಳಿಸೋದನ್ನು 1972ರ ಕಾಯ್ದೆ ನಿಷೇಧಿಸಿದೆ. ಅನುಮಾನ ಇದ್ದರೆ ಮೊದಲು ಠಾಣೆಗೆ ತಿಳಿಸಿ.

ಮನೆಯಲ್ಲಿ ಹಳೇ ಕೋವಿ ಸಿಕ್ಕಿದ್ದರೆ ಇಷ್ಟು ಪಾಲಿಸಿ. ಒಳಗೆ ಮದ್ದು-ಗುಂಡು ಇದ್ದೇ ಇದೆ ಅಂತ ತಿಳಿದು ನಡೆದುಕೊಳ್ಳಿ, ನಳಿಗೆಯನ್ನು ಯಾರ ಕಡೆಗೂ ತಿರುಗಿಸಬೇಡಿ. ಹೊಳಪು ಬರಲಿ ಅಂತ ಎಮರಿ ಕಾಗದದಲ್ಲಿ ಉಜ್ಜಬೇಡಿ. ತುಕ್ಕಿನ ಜೊತೆ ಮುದ್ರೆ, ಇಸವಿಯೂ ಅಳಿಸಿಹೋಗುತ್ತೆ. ಮುದ್ರೆಯೇ ಹೋದ ಮೇಲೆ ಯಾವ ಪುಸ್ತಕ ತಂದರೂ ಓದೋಕೆ ಏನೂ ಉಳಿಯಲ್ಲ.