ತಲೆಗೂದಲಲ್ಲಿ ಅಡಗಿದ ಉಣ್ಣಿ

ಮಳೆಗಾಲ ಕಳೆದು ಗುಡ್ಡೆಯ ಮರಗಳು ಎಲೆಯುದುರಿಸಿದ ಮೇಲೆ, ಹಟ್ಟಿಗೆ ಹಾಸುವುದಕ್ಕೆಂದು ಜಮೀನಿಗೆ ತಾಗಿದ ಕುಮ್ಕಿ ಜಾಗದ ತರಗೆಲೆಯನ್ನು ಗುಡಿಸಿ ಹೆಡಿಗೆಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು ತರುವ ವಾಡಿಕೆ ಪುತ್ತೂರು, ಸುಳ್ಯ, ಕಡಬಗಳ ಕೃಷಿಕರಲ್ಲಿ ಇನ್ನೂ ಪೂರ್ತಿ ಅಳಿದಿಲ್ಲವಾದುದರಿಂದ, ಆ ಎಲೆಗಳ ನಡುವೆ ಕಾದಿರುವ ಉಣ್ಣಿಗೆ ಮನುಷ್ಯನ ನೆತ್ತಿಯನ್ನು ಸೇರುವ ಅತಿ ಸಮೀಪದ ದಾರಿಯೊಂದು ಅನಾಯಾಸವಾಗಿ ಒದಗುತ್ತದೆ.

ಕೀಟವೆಂದು ಕರೆಯಿಸಿಕೊಳ್ಳುವ ಈ ಜೀವಿ ವಸ್ತುತಃ ಜೇಡ, ಚೇಳುಗಳ ಬಂಧು. ಕಾಡಿನ ಅನೇಕ ಉಣ್ಣಿಗಳಿಗೆ ಕಣ್ಣೇ ಇಲ್ಲ. ಮುಂಗಾಲುಗಳಲ್ಲಿರುವ ಸೂಕ್ಷ್ಮವಾದ ಕುಳಿಗಳಿಂದ ಪ್ರಾಣಿಗಳ ಉಸಿರನ್ನೂ ಮೈಯ ಕಾವನ್ನೂ ಗ್ರಹಿಸಿ ಅವು ಹಾದುಹೋಗುವವರಿಗೆ ತೊಡರಿಕೊಳ್ಳುತ್ತವೆ. ಆಮೇಲಿನ ಕೆಲಸದಲ್ಲಿ ಅವಕ್ಕೆ ಅವಸರವೆಂಬುದಿಲ್ಲ. ಚರ್ಮವನ್ನು ಕೊಯ್ದು, ಹಿಮ್ಮುಖವಾದ ಮುಳ್ಳುಗಳುಳ್ಳ ಬಾಯಿಯನ್ನು ಅದರೊಳಗಿಳಿಸಿ, ಜೊಲ್ಲಿನೊಡನೆ ಸ್ರವಿಸುವ ಒಂದು ಬಗೆಯ ಗಾರೆಯಿಂದ ಆ ಬಾಯಿಯನ್ನು ಅಲ್ಲಿಯೇ ಭದ್ರಪಡಿಸಿಕೊಂಡು ದಿನಗಟ್ಟಲೆ ರಕ್ತವನ್ನು ಹೀರುತ್ತವೆ. ಅದೇ ಜೊಲ್ಲು ನೋವನ್ನು ಅಡಗಿಸಿ ರಕ್ತವು ಹೆಪ್ಪುಗಟ್ಟದಂತೆ ತಡೆಯುವುದರಿಂದ ಕಚ್ಚಿಸಿಕೊಂಡವನಿಗೆ ಅದರ ಅರಿವೇ ಆಗದಿರುವುದುಂಟು.

ಗಾರೆ ಹಾಕಿ ನಿಲ್ಲಿಸಿದ ಬಾಯಿಯಾದುದರಿಂದಲೇ ಸುಣ್ಣ, ಸೀಮೆಎಣ್ಣೆ, ಹೊಗೆಸೊಪ್ಪಿನ ರಸ, ಬೆಂಕಿಕಡ್ಡಿಯ ಕಿಡಿ ಮೊದಲಾದ ಉಪಾಯಗಳು ನಿಷ್ಪ್ರಯೋಜಕ. ಉಣ್ಣಿಯ ಉಸಿರಾಟ ಅತಿ ಮಂದವಾದದ್ದು. ಎಣ್ಣೆ ಬಳಿದೊಡನೆ ಉಸಿರುಗಟ್ಟಿ ಅದು ಹಿಡಿತವನ್ನು ಸಡಿಲಿಸುತ್ತದೆಂಬುದು ಬರಿಯ ಆಸೆ. ಕೆಣಕಿದ ಉಣ್ಣಿ ತನ್ನೊಳಗಿನ ದ್ರವವನ್ನು ಗಾಯಕ್ಕೆ ಕಾರುವ ಸಂಭವವೂ ಇದೆ. ಬಾಚಣಿಗೆಯಿಂದ ಎಳೆದು ತೆಗೆಯಲೆತ್ನಿಸಿದರೆ ಒಡಲು ಹರಿದು ಬಾಯಿ ಒಳಗೆ ಉಳಿದೀತು.

ಸ್ವಂತ ನೆತ್ತಿ ತನಗೆ ಕಾಣದಷ್ಟೆ. ಇನ್ನೊಬ್ಬರ ನೆರವು, ಒಳ್ಳೆಯ ಬೆಳಕು, ಚೂಪು ತುದಿಯ ಒಂದು ಚಿಮುಟ ಇವಿಷ್ಟು ಬೇಕು. ಕೂದಲನ್ನು ಒದ್ದೆಮಾಡಿ ಬೈತಲೆಯಂತೆ ಎರಡು ಕಡೆಗೆ ಸರಿಸಿ, ಚಿಮುಟವನ್ನು ಉಬ್ಬಿದ ಹೊಟ್ಟೆಗೆ ತಾಗಿಸದೆ, ಚರ್ಮಕ್ಕೆ ಅಂಟಿದ ಬಾಯಿಯ ಬುಡದಲ್ಲಿಯೇ ಹಿಡಿದು, ತಿರುಚದೆ, ಜಗ್ಗದೆ, ಒಂದೇ ಸಮನಾದ ಬಲದಿಂದ ಗಾರೆ ಬಿಡುವ ತನಕ ಮೇಲಕ್ಕೆ ಎಳೆಯತಕ್ಕದ್ದು. ಬಾಯಿಯ ಚೂರು ಉಳಿದು ಸುಲಭವಾಗಿ ಬರದಿದ್ದರೆ ಸೂಜಿಯಿಂದ ಕೆದಕುವುದು ಬೇಡ, ಚರ್ಮವೇ ಅದನ್ನು ಕ್ರಮೇಣ ಹೊರದೂಡುತ್ತದೆ. ಉಗುರುಗಳ ನಡುವೆ ಉಣ್ಣಿಯನ್ನು ಹಿಸುಕುವ ಚಪಲವನ್ನೂ ಬಿಟ್ಟು ಅದನ್ನು ಸ್ಪಿರಿಟ್ಟಿನಲ್ಲಿ ಹಾಕಿ, ಗಾಯವನ್ನೂ ಕೈಯನ್ನೂ ಸಾಬೂನಿನಿಂದ ತೊಳೆಯಬೇಕು.

ಇಷ್ಟೊಂದು ಜಾಗ್ರತೆಗೆ ಕಾರಣವುಂಟು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಅದೇ ಕಾಲಕ್ಕೆ ಜನರೂ ಜ್ವರಕ್ಕೆ ಬಲಿಯಾದಾಗ ಪತ್ತೆಯಾದ ಮಂಗನ ಕಾಯಿಲೆಯ ವಿಷಾಣು ಮುಖ್ಯವಾಗಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣ್ಣಿಯ ಮೂಲಕವೇ ಹರಡುತ್ತದೆ. ಎಂಬತ್ತರ ದಶಕದ ಆದಿಯಲ್ಲಿ ಪುತ್ತೂರಿನ ನೆರೆಯ ಬೆಳ್ತಂಗಡಿ ತಾಲೂಕಿನಲ್ಲಿ, ಕಾಡು ಕಡಿದ ಬೆನ್ನಿಗೆ, ಈ ಕಾಯಿಲೆ ಉಗ್ರವಾಗಿ ತಲೆದೋರಿತು. ಮನುಷ್ಯನನ್ನು ಹೆಚ್ಚಾಗಿ ಕಚ್ಚುವುದು ಪ್ರೌಢ ಉಣ್ಣಿಯಲ್ಲ, ಎಳ್ಳಿನ ಕಾಳಿಗಿಂತಲೂ ಕಿರಿದಾದ ಅದರ ಮರಿ. ಡಿಸೆಂಬರಿನಿಂದ ಮೇ ತನಕ ಅದರ ಹಾವಳಿ ಹೆಚ್ಚು. ಎಲ್ಲ ಉಣ್ಣಿಯಲ್ಲಿಯೂ ರೋಗವಿರುವುದಿಲ್ಲ, ಹೌದು. ಆದರೆ ಕಚ್ಚಿದ ಮೂರರಿಂದ ಎಂಟು ದಿನಗಳೊಳಗೆ ಚಳಿಜ್ವರ, ಸಹಿಸಲಾಗದ ತಲೆನೋವು, ಮಾಂಸಖಂಡಗಳ ಸೆಳೆತ ಕಾಣಿಸಿಕೊಂಡಲ್ಲಿ, ವೈದ್ಯರು ಕೇಳುವ ಮೊದಲೇ ಉಣ್ಣಿ ಕಚ್ಚಿದ್ದನ್ನೂ ಯಾವ ಗುಡ್ಡೆಗೆ ಹೋಗಿದ್ದೆವೆಂಬುದನ್ನೂ, ಅಲ್ಲಿ ಮಂಗ ಸತ್ತದ್ದು ಕಂಡಿದ್ದರೆ ಅದನ್ನೂ ತಿಳಿಸತಕ್ಕದ್ದು.