ಹೇಸರಗತ್ತೆಯ ಬೆನ್ನೇರಿ ಕೇದಾರಕ್ಕೆ

ಕುದುರೆಯ ಕುರಿತು ನಾವು ತರಗತಿಯಲ್ಲಿ ಗಂಟೆಗಟ್ಟಲೆ ಮಾತನಾಡಿದವರು. ಲಕ್ಷ್ಮೀಶನ ಜೈಮಿನಿ ಭಾರತದ ಯಜ್ಞಾಶ್ವ, ಮುದ್ದಣನ ರಾಮಾಶ್ವಮೇಧದ ಕುದುರೆ, ಇವೆಲ್ಲ ನಮಗೆ ಬಲು ಪರಿಚಿತ. ಯಕ್ಷಗಾನದಲ್ಲಿ ಬಬ್ರುವಾಹನನು ಕಟ್ಟಿಹಾಕುವ ಕುದುರೆಯನ್ನು ನೂರು ಸಲ ಕಂಡಿದ್ದೇವೆ, ಅಂದರೆ ಅದು ರಂಗದ ಮೇಲೆ ಇದೆಯೆಂದು ಭಾವಿಸಿಕೊಂಡಿದ್ದೇವೆ. ಆದರೆ ನಾಲ್ವತ್ತಾರು ವರ್ಷ ತುಂಬುವ ತನಕ ಜೀವಂತ ಕುದುರೆಯೊಂದರ ಬೆನ್ನ ಮೇಲೆ ಕೈಯಿಟ್ಟವರಲ್ಲ. ಅಡಿಕೆ, ತೆಂಗು, ಹೊಳೆ, ಕಡಲು ಇರುವ ಕಾಸರಗೋಡಿನ ನೆಲದಲ್ಲಿ ಕುದುರೆಗೇನು ಕೆಲಸ? ಹೆಚ್ಚೆಂದರೆ ಕಂಬಳದ ಕೋಣಗಳನ್ನು ದೂರದಿಂದ ಬಲ್ಲೆವು.

ಇಂತಹ ನಾವು 2023ರ ಮೇ ತಿಂಗಳ ಕೊನೆಯಲ್ಲಿ, ಬೇಸಿಗೆ ರಜೆ ಮುಗಿಯುವ ಮೊದಲು, ಹಿಮಾಲಯದ ಕೇದಾರನಾಥಕ್ಕೆ ಹೊರಟೆವು. ಒಟ್ಟು ಐದು ಮಂದಿ. ಗಣಿತದ ಮಾಸ್ತರರು, ಚಿತ್ರಕಲೆಯ ಮಾಸ್ತರರು, ಹಿಂದಿನ ವರ್ಷ ನಿವೃತ್ತರಾದ ಹೆಡ್‌ಮಾಸ್ತರರು, ನಮ್ಮದೇ ಶಾಲೆಯಲ್ಲಿ ಮಲಯಾಳ ಕಲಿಸುವ 'ಮಾಷ್' ಮತ್ತು ನಾವು. ಪ್ರತಿವರ್ಷ ಮಕ್ಕಳನ್ನು ಕರೆದುಕೊಂಡು ರಾಣಿಪುರಂ ಗುಡ್ಡ ಹತ್ತುವ ತಂಡವೇ ಇದು. ಅದೇ ಧೈರ್ಯ. ಆದರೆ ರಾಣಿಪುರಂ ಎಂದರೆ ಸಾವಿರ ಮೀಟರಿನ ಆಸುಪಾಸು. ಕೇದಾರದ ನಡಿಗೆ ಶುರುವಾಗುವ ಗೌರೀಕುಂಡವೇ ಸುಮಾರು 1,980 ಮೀಟರ್, ನಮ್ಮ ಕಡೆಯ ಕುದುರೆಮುಖ ಶಿಖರಕ್ಕಿಂತಲೂ ಎತ್ತರ. ಅಲ್ಲಿಂದ ದೇವಸ್ಥಾನದ 3,583 ಮೀಟರಿಗೆ ಏರಬೇಕು. ಹೆಡ್‌ಮಾಸ್ತರರಿಗೆ ಮೊಣಕಾಲು ನೋವು. "ನಾನು ಕುದುರೆಯಲ್ಲಿ ಬರುತ್ತೇನೆ, ನೀವು ನಡೆಯಿರಿ" ಎಂದು ಮೊದಲೇ ಹೇಳಿಬಿಟ್ಟಿದ್ದರು. ಊರಲ್ಲಿ ನಾವೆಲ್ಲ ನಕ್ಕಿದ್ದೆವು.

ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ ದಿಲ್ಲಿಯವರೆಗೆ ಎರಡು ರಾತ್ರಿಯ ಪ್ರಯಾಣ. ಆ ಹೊತ್ತನ್ನೆಲ್ಲ ಒಂದೇ ಚರ್ಚೆ ನುಂಗಿತು. ಬದರೀನಾಥದ ಮುಖ್ಯ ಅರ್ಚಕರಾದ ರಾವಲರು ಕೇರಳದ ನಂಬೂದಿರಿಗಳು. ಕೇದಾರದ ರಾವಲರು ಕರ್ನಾಟಕ ಮೂಲದ ವೀರಶೈವರು. ಪಂಚಪೀಠಗಳಲ್ಲಿ ಒಂದಾದ ಕೇದಾರ ಪೀಠ ಇರುವುದು ಅದೇ ಕಣಿವೆಯ ಊಖೀಮಠದಲ್ಲಿ. "ಅಪ್ಪೋಳ್ ಬದರಿ ನಮ್ಮದು, ಕೇದಾರ ನಿಮ್ಮದು" ಎಂದು ಮಾಷ್ ಪಾಲು ಮಾಡಿದರು. "ಎರಡೂ ನಮ್ಮದೇ ಮಾರಾಯ್ರೇ, ನಾವು ಕಾಸರಗೋಡಿನವರಲ್ವಾ?" ಎಂದು ಹೆಡ್‌ಮಾಸ್ತರರು ತೀರ್ಪು ಕೊಟ್ಟರು. ಗಡಿಯಲ್ಲಿ ಬದುಕುವವರಿಗೆ ಇಂಥ ಲಾಭ ಅಪರೂಪಕ್ಕೊಮ್ಮೆ ಸಿಗುತ್ತದೆ.

ಹರಿದ್ವಾರ, ದೇವಪ್ರಯಾಗ, ರುದ್ರಪ್ರಯಾಗಗಳನ್ನು ದಾಟಿ ಸೋನ್‌ಪ್ರಯಾಗ ಸೇರಿದ ಬಸ್ಸಿನ ಕಷ್ಟವನ್ನು ಇಲ್ಲಿ ವರ್ಣಿಸುವುದಿಲ್ಲ. ಆ ದಾರಿಯ ತಿರುವುಗಳಲ್ಲಿ ಗಣಿತದ ಮಾಸ್ತರರ ಹೊಟ್ಟೆಯಲ್ಲಿ ಏನೂ ಉಳಿಯಲಿಲ್ಲ. ಮರುದಿನ ಬೆಳಿಗ್ಗೆ ಜೀಪಿನಲ್ಲಿ ಐದು ಕಿಲೋಮೀಟರ್ ಹೋಗಿ ಗೌರೀಕುಂಡದಲ್ಲಿ ಇಳಿದಾಗ ಚಳಿಗೆ ಹಲ್ಲು ಕಟಕಟ. ಮುಂದಿನ ಹದಿನಾರು ಕಿಲೋಮೀಟರ್ ದಾರಿಯನ್ನು ತಲೆಯೆತ್ತಿ ನೋಡಿದ ಮೇಲೆ ಊರಲ್ಲಿ ನಕ್ಕವರ ನಗು ಎಲ್ಲಿಗೆ ಹೋಯಿತೋ ತಿಳಿಯದು. ಐವರೂ ಕುದುರೆಯ ಚೀಟಿ ಮಾಡಿಸುವ ಸಾಲಿನಲ್ಲಿ ನಿಂತೆವು. ತಲಾ ಎರಡು ಸಾವಿರಕ್ಕೂ ಮೇಲ್ಪಟ್ಟು ತೆತ್ತೆವು.

ಕುದುರೆ ಎಂದೆವು. ಆದರೆ ಅಲ್ಲಿ ಹೆಚ್ಚಿನವು ಕುದುರೆಗಳಲ್ಲ, ಹೇಸರಗತ್ತೆಗಳು. ಅಲ್ಲಿಯವರು 'ಖಚ್ಚರ್' ಎನ್ನುತ್ತಾರೆ. ತಾಯಿ ಕುದುರೆ, ತಂದೆ ಕತ್ತೆ. ತಾಯಿಯ ಮೈಕಟ್ಟು, ತಂದೆಯ ತಾಳ್ಮೆ, ಕಲ್ಲು ದಾರಿಯಲ್ಲಿ ಜಾರದ ಚಿಕ್ಕ ಗಟ್ಟಿ ಗೊರಸು. ಅದಕ್ಕೆ ಮರಿಯಾಗುವುದಿಲ್ಲ, ಒಂದು ತಲೆಮಾರಿಗೇ ಮುಗಿಯುವ ದುಡಿಮೆ. ನಮ್ಮ ಪಾಲಿಗೆ ಬಂದದ್ದು ಕಂದು ಬಣ್ಣದ, ಕೊರಳಿಗೆ ಗಂಟೆ ಕಟ್ಟಿದ, ಒಂದು ಕಿವಿಯ ತುದಿ ಹರಿದ ಪ್ರಾಣಿ. ಹೆಸರು ಬಿಜ್ಲಿ. ಅದನ್ನು ನಡೆಸುವವನು ತೆಳ್ಳಗಿನ ಹುಡುಗ. ಪ್ರಾಯ ಕೇಳಿದರೆ ಹದಿನೆಂಟು ಎಂದ. ಇಪ್ಪತ್ತು ವರ್ಷಗಳಿಂದ ಹಾಜರಿ ಕರೆಯುತ್ತಿರುವ ನಮ್ಮ ಕಣ್ಣಿಗೆ ಅವನು ಹತ್ತನೇ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರಬೇಕಾದವನು.

ಮರದ ಚೌಕಟ್ಟಿನ ಮೇಲೆ ಕಂಬಳಿ ಹಾಸಿದ ಜೀನು, ಮುಂದೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ಬಳೆ, ಕಾಲಿಡಲು ಹಗ್ಗಕ್ಕೆ ಕಟ್ಟಿದ ರಿಕಾಪು. ಏರುವಾಗ ಮುಂದಕ್ಕೆ ಬಾಗಬೇಕು, ಇಳಿಯುವಾಗ ಹಿಂದಕ್ಕೆ. ಇಷ್ಟೇ ಪಾಠ. ಲಗಾಮು ನಮ್ಮ ಕೈಗೆ ಕೊಡುವುದೇ ಇಲ್ಲ. ನಾವು ಸವಾರರೆಂದುಕೊಂಡು ಹತ್ತಿದ್ದೆವು. ಎರಡು ಫರ್ಲಾಂಗು ಹೋಗುವಷ್ಟರಲ್ಲಿ, ನಮಗಿಂತ ಮುಂದೆ ಅಕ್ಕಿಮೂಟೆ ಹೊತ್ತು ಹೋಗುತ್ತಿದ್ದ ಹೇಸರಗತ್ತೆಗೂ ನಮ್ಮದಕ್ಕೂ ಹೆಚ್ಚು ವ್ಯತ್ಯಾಸವಿಲ್ಲವೆಂದು ತಿಳಿಯಿತು. ಮೂಟೆ ಕಿರಿಚಿಕೊಳ್ಳುವುದಿಲ್ಲ, ಅಷ್ಟೆ.

ಕಿರಿಚಿಕೊಳ್ಳುವುದಕ್ಕೆ ಕಾರಣವಿತ್ತು. ಎಡಕ್ಕೆ ಬಂಡೆ, ಬಲಕ್ಕೆ ಪಾತಾಳ, ಅದರ ತಳದಲ್ಲಿ ಮೊರೆಯುವ ಮಂದಾಕಿನಿ. ಬಿಜ್ಲಿ ಮಾತ್ರ ಬಂಡೆಯ ಬದಿಯನ್ನು ಬಿಟ್ಟು ಅಂಚಿನಲ್ಲೇ ನಡೆಯುತ್ತದೆ! ನಮ್ಮ ಬಲಗಾಲು ಆಕಾಶದಲ್ಲಿ. ನಾವು ಪ್ರವೇಶಿಕಾ ಪಾಸಾದ ಹಿಂದಿಯಲ್ಲಿ ಬೇಡಿಕೊಂಡರೆ ಹುಡುಗ ನಕ್ಕ. ಎರಡೂ ಬದಿಗೆ ಹೇರು ಹೊತ್ತು ಅಭ್ಯಾಸವಾದ ಪ್ರಾಣಿ ಅದು, ಗೋಡೆಗೆ ತಾಗಿದರೆ ಹೇರು ಉರುಳಿ ತಾನೂ ಬೀಳುತ್ತೇನೆಂಬುದನ್ನು ಕಲಿತಿದೆ, ಆದ್ದರಿಂದ ಅಂಚಿಗೆ ಸರಿಯುತ್ತದೆ. ನಮ್ಮ ಭಯವೇ ಅದರ ಎಚ್ಚರ. ಇದು ತಿಳಿದ ಮೇಲೆ ಕೆಳಗೆ ನೋಡುವುದನ್ನು ಬಿಟ್ಟು ಅದರ ಕಿವಿಗಳನ್ನು ನೋಡತೊಡಗಿದೆವು. ಮುಂದಿನಿಂದ ಡೋಲಿ ಬಂದರೆ ಎರಡೂ ಕಿವಿ ನೆಟ್ಟಗಾಗುತ್ತವೆ, ಹುಡುಗ ಸಿಳ್ಳೆ ಹಾಕಿದರೆ ಒಂದು ಮಾತ್ರ ಹಿಂದಕ್ಕೆ ತಿರುಗುತ್ತದೆ. ಮೂರನೇ ಕಿಲೋಮೀಟರಿನ ಹೊತ್ತಿಗೆ ನಿಜವಾಗಿ ಸುಖವಾಯಿತು. ದೇವದಾರು, ಓಕ್ ಮರಗಳ ನಡುವೆ ಐದು ಗಂಟೆಗಳ ನಾದ, ಹಿಂದಿನಿಂದ ಮಾಷ್ ಹಾಡುವ ಹಳೆಯ ಸಿನಿಮಾ ಹಾಡು, ಮೋಡ ಸರಿದಾಗ ಫಕ್ಕನೆ ಕಾಣುವ ಬಿಳಿಯ ಶಿಖರ. ನಮ್ಮ ಸ್ನೇಹಿತರ ಬೆನ್ನುಗಳನ್ನು ಅಷ್ಟು ಹೊತ್ತು ನೋಡುತ್ತ, ಏನೂ ಮಾತಾಡದೆ ಹೋದದ್ದು ಅದೇ ಮೊದಲು.

ಭೀಮ್‌ಬಲಿ ದಾಟಿ ರಾಂಬಾಡಾಕ್ಕೆ ಬಂದೆವು. 2013ರ ಜೂನ್ 16 ಮತ್ತು 17ರ ಪ್ರವಾಹದ ಮೊದಲು ಅಲ್ಲಿ ಯಾತ್ರಿಕರು ತಂಗುವ ಒಂದು ಪೇಟೆಯೇ ಇತ್ತಂತೆ. ಈಗ ಬರೇ ಕಲ್ಲುಗಳು. ಹಳೆಯ ದಾರಿಯೂ ಕೊಚ್ಚಿಹೋದ ಕಾರಣ, ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ನೇತೃತ್ವದಲ್ಲಿ ನದಿಯ ಆಚೆ ದಡದಲ್ಲಿ ಹೊಸ ದಾರಿ ಕಡಿದರು. ಸೇತುವೆ ದಾಟಿದೊಡನೆ ಏರು ಕಡಿದಾಗುತ್ತದೆ, ಹಳೆಯ ದಾರಿಗಿಂತ ದೂರವೂ ಹೆಚ್ಚು. ಪ್ರಾಣಿಗಳ ಪಾಲಿಗೆ ನಿಜವಾದ ಪರೀಕ್ಷೆ ಅಲ್ಲೇ.

ಬಿಜ್ಲಿ ಮುಂಗಾಲೊಂದನ್ನು ಮೆಲ್ಲನೆ ಊರುತ್ತಿರುವುದನ್ನು ನಾವು ಭೀಮ್‌ಬಲಿಯಲ್ಲೇ ಗಮನಿಸಿದ್ದೆವು. ಕೇಳಿದರೆ "ಏನಿಲ್ಲ ಗುರೂಜಿ" ಎಂದ ಹುಡುಗ. ನಮ್ಮ ತೂಕ ಎಪ್ಪತ್ತೆಂಟು ಕಿಲೋ. "ನೀವು ಹತ್ತು ಕಿಲೋ ಕಮ್ಮಿಯಿದ್ದಿದ್ರೆ ಅದಕ್ಕೂ ಸುಖ, ನಿಮ್ಗೂ ಸುಖ" ಎಂದು ಗಣಿತದ ಮಾಸ್ತರರು ಹಿಂದಿನಿಂದ ಲೆಕ್ಕ ಹೇಳಿದರು. ನಕ್ಕು ಸುಮ್ಮನಾದೆವು. ಇಳಿಯಬಹುದಿತ್ತು. ಆದರೆ ಸಣ್ಣಗೆ ಮಳೆ ಹನಿಯುತ್ತಿತ್ತು, ದಾರಿಯೆಲ್ಲ ಲದ್ದಿ ಮತ್ತು ಕೆಸರು, ಹಣ ಕೊಟ್ಟಾಗಿತ್ತು. ಮನಸ್ಸು ಇಂಥ ಹೊತ್ತಿನಲ್ಲಿ ಕಾರಣಗಳನ್ನು ಬೇಗ ಒದಗಿಸುತ್ತದೆ.

ಲಿಂಚೋಲಿಗಿಂತ ಕೆಳಗಿನ ತಿರುವೊಂದರಲ್ಲಿ ಬಿಜ್ಲಿ ನಿಂತುಬಿಟ್ಟಿತು. ಹುಡುಗ ಕೂಗಿದ, ಬೆತ್ತದಿಂದ ಬಾರಿಸಿದ. ಎರಡು ಹೆಜ್ಜೆ ಮುಂದಿಟ್ಟು ಒದ್ದೆ ಕಲ್ಲಿನ ಮೇಲೆ ಮುಂಗಾಲು ಮಡಿಸಿ ಕುಸಿಯಿತು. ನಾವು ಅದರ ಕೊರಳ ಮೇಲಿಂದ ದಾರಿಗೆ ಬಿದ್ದೆವು. ಪುಣ್ಯಕ್ಕೆ ಬಂಡೆಯ ಬದಿಗೆ. ಮೊಣಕೈ ತರಚಿತು, ಹೆಚ್ಚೇನಿಲ್ಲ. ಎದ್ದು ನೋಡಿದರೆ ಬಿಜ್ಲಿಯ ತೊಡೆಗಳು ನಡುಗುತ್ತಿವೆ, ಮೂಗಿನಿಂದ ಉಗಿ ಬಂದಹಾಗೆ ಉಸಿರು. ಹುಡುಗ ಮತ್ತೆ ಬೆತ್ತ ಎತ್ತಿದ. ನಾವು ಶಾಲೆಯಲ್ಲಿ ಗದರಿಸುವ ದನಿಯಲ್ಲೇ "ನಿಲ್ಲಿಸು" ಎಂದು ಕನ್ನಡದಲ್ಲಿ ಕೂಗಿದೆವು. ಅವನಿಗೆ ಅರ್ಥವಾಯಿತು.

ಅಲ್ಲಿಂದ ಲಿಂಚೋಲಿಗೆ ಒಂದು ಕಿಲೋಮೀಟರೂ ಇರಲಿಕ್ಕಿಲ್ಲ. ನಡೆಯಲು ಒಂದು ಗಂಟೆಗೂ ಹೆಚ್ಚು ಬೇಕಾಯಿತು. ಹತ್ತು ಹೆಜ್ಜೆಗೊಮ್ಮೆ ನಿಲ್ಲಬೇಕು, ಉಸಿರೇ ಸಾಲದು. ಹುಡುಗ ಪಕ್ಕದಲ್ಲಿ ಹವಾಯಿ ಚಪ್ಪಲಿನಲ್ಲಿ ನಡೆಯುತ್ತ ತನ್ನ ಕಥೆ ಹೇಳಿದ. ಗುಪ್ತಕಾಶಿಯ ಹತ್ತಿರದ ಹಳ್ಳಿ. ಅಪ್ಪ ಸಾಲ ಮಾಡಿ ಬಿಜ್ಲಿಯನ್ನು ಕೊಂಡದ್ದು. ದೇವಸ್ಥಾನದ ಬಾಗಿಲು ತೆರೆದಿರುವ ಆರು ತಿಂಗಳ ಸಂಪಾದನೆಯಲ್ಲಿ ಇಡೀ ವರ್ಷ ಮನೆ ನಡೆಯಬೇಕು. ಲಿಂಚೋಲಿಯಲ್ಲಿ ಪ್ರಾಣಿಗಳಿಗೆ ಬಿಸಿನೀರು ಸಿಕ್ಕಿತು. ಹುಡುಗ ಅಂಗಿಯ ಕಿಸೆಯಿಂದ ಬೆಲ್ಲದ ಉಂಡೆ ತೆಗೆದು ಬಿಜ್ಲಿಯ ಬಾಯಿಗಿಟ್ಟ. ನಮ್ಮೂರಲ್ಲಿ ಬಿಸಿಲಲ್ಲಿ ಬಂದ ನೆಂಟರಿಗೆ ಮೊದಲು ಕೊಡುವುದೂ ಅದೇ ಬೆಲ್ಲ-ನೀರು. ಹೊಡೆದ ಕೈಯೇ ಅದು.

"ಈಗ ಹತ್ತಿ ಗುರೂಜಿ, ಅರ್ಧ ದಾರಿಯಲ್ಲಿ ಬಿಟ್ಟೆನೆಂದರೆ ಅಪ್ಪ ಬೈಯುತ್ತಾರೆ" ಎಂದ. ಓದುಗರಲ್ಲಿ ಸುಳ್ಳು ಹೇಳಲಾರೆವು. ನಾವು ಮತ್ತೆ ಹತ್ತಿದೆವು.

ದೇವಸ್ಥಾನಕ್ಕಿಂತ ಸ್ವಲ್ಪ ಈಚೆಗೆ ಎಲ್ಲರನ್ನೂ ಇಳಿಸುತ್ತಾರೆ. ಅಲ್ಲಿ ಹುಡುಗ ಜೀನು ಕಳಚಿ ಕಂಬಳಿ ಎತ್ತಿದಾಗ, ಪಟ್ಟಿ ಬಿಗಿಯುವ ಜಾಗದಲ್ಲಿ ಅಂಗೈ ಅಗಲದ ಹಸಿ ಗಾಯ ಕಂಡಿತು. ಹೆಡ್‌ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ಯಾರೂ ಏನೂ ಹೇಳಲಿಲ್ಲ.

ದರ್ಶನದ ಸಾಲು, ಕಲ್ಲಿನ ಗುಡಿ, ಪ್ರವಾಹದಲ್ಲಿ ಉರುಳಿಬಂದು ಗುಡಿಯ ಹಿಂದೆ ನಿಂತು ಅದನ್ನು ಕಾಯಿತೆನ್ನುವ ಬಂಡೆ, ಇವನ್ನೆಲ್ಲ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ಸಾಲಿನಲ್ಲಿ ನಮ್ಮ ಹಿಂದೆ ಕಲಬುರಗಿ ಕಡೆಯ ಒಂದು ಕುಟುಂಬವಿತ್ತು. ಅಜ್ಜಿಯೊಬ್ಬರು ನಮ್ಮ ಮಾತು ಕೇಳಿ "ಯಾವೂರ ಮಂದಿರಿ ನೀವು, ಎಷ್ಟು ಪುಸ್ತಕದಾಗಿನಂಗ ಮಾತಾಡ್ತೀರಿ!" ಎಂದರು. ಕೇರಳದವರು ಎಂದಾಗ ನಂಬಲೇ ಇಲ್ಲ. ಎಂಬತ್ತು ಸಮೀಪಿಸಿದ ಆ ಅಜ್ಜಿ ಕೂಡ ಹೇಸರಗತ್ತೆಯ ಮೇಲೇ ಬಂದವರು. ಅದಿಲ್ಲದಿದ್ದರೆ ಈ ಜನ್ಮದಲ್ಲಿ ಕೇದಾರ ಕಾಣುತ್ತಿರಲಿಲ್ಲವೆಂದು, ಏರಿ ಬಂದ ಪ್ರಾಣಿಯ ಹೆಸರು ಹಿಡಿದು ಹರಸಿದರು.

ಮರುದಿನ ನಾಲ್ವರು ನಡೆದೇ ಇಳಿಯುವುದೆಂದು ನಿಶ್ಚಯಿಸಿದೆವು. ಹೆಡ್‌ಮಾಸ್ತರರಿಗೆ ಬೇರೆ ಪ್ರಾಣಿಯನ್ನು ಗೊತ್ತುಮಾಡಿದೆವು, ಮೊಣಕಾಲಿನ ಮುಂದೆ ತತ್ವ ನಡೆಯುವುದಿಲ್ಲ. ಬಿಜ್ಲಿಯ ಹುಡುಗನಿಗೆ ಇಳಿಯುವ ಬಾಡಿಗೆಯನ್ನು ಪೂರ್ತಿ ಕೊಟ್ಟು, "ಇದನ್ನು ಖಾಲಿಯಾಗಿಯೇ ಕೆಳಗೆ ಕರೆದುಕೊಂಡು ಹೋಗು, ಗಾಯಕ್ಕೆ ಮದ್ದು ಹಾಕಿಸು" ಎಂದೆವು. ಕೈಮುಗಿದ. ನಮಗೂ ಒಂದು ಬಗೆಯ ಸಮಾಧಾನ.

ಭೀಮ್‌ಬಲಿಯ ಹತ್ತಿರ ಚಹಾ ಕುಡಿಯುತ್ತ ಕುಳಿತಿದ್ದಾಗ ಪರಿಚಿತ ಗಂಟೆಯ ಶಬ್ದ. ಬಿಜ್ಲಿ ಬರುತ್ತಿದೆ, ಬೆನ್ನ ಮೇಲೆ ನಮಗಿಂತಲೂ ದಪ್ಪನೆಯ ಯಾತ್ರಿಕರೊಬ್ಬರು! ಹುಡುಗ ನಮ್ಮನ್ನು ಕಂಡ. ಮನೆಕೆಲಸ ಮಾಡದೆ ಬಂದ ಮಕ್ಕಳು ಬಾಗಿಲಲ್ಲಿ ನಿಂತು ತಲೆ ತಗ್ಗಿಸುತ್ತಾರಲ್ಲ, ಹಾಗೆ ತಗ್ಗಿಸಿ ಮುಂದೆ ಹೋದ. ಮಾಷ್ ಕೆಂಡವಾದರು. ಚಿತ್ರಕಲೆಯ ಮಾಸ್ತರರು ಅವರ ತೋಳು ಹಿಡಿದು ಕೂರಿಸಿದರು. "ಸಾಲ ಯಾರದ್ದು ಮಾಷೇ, ನಿಮ್ದಾ ಅವನ್ದಾ?" ಎಂದರು. ಶಾಲೆಯಲ್ಲಿ ಅಂಥ ಮಕ್ಕಳನ್ನು ನಾವು ಹೊರಗೆ ನಿಲ್ಲಿಸುತ್ತಿದ್ದೆವು.

ಊರಿಗೆ ಮರಳಿದ ಮೇಲೆ ಅದೇ ಜೂನಿನಲ್ಲಿ, ಆ ದಾರಿಯಲ್ಲಿ ಪ್ರಾಣಿಯೊಂದಕ್ಕೆ ಬಲವಂತದಿಂದ ಹೊಗೆ ಕುಡಿಸುವ ವಿಡಿಯೋ ದೇಶವೆಲ್ಲ ಹರಿದಾಡಿ ಪೊಲೀಸರು ಮೊಕದ್ದಮೆ ಹೂಡಿದರು. 2025ರ ಮೇ ಆರಂಭದಲ್ಲಿ ಯಾತ್ರೆ ಶುರುವಾದ ಬೆನ್ನಿಗೇ ಎರಡು ದಿನಗಳಲ್ಲಿ ಹದಿನಾಲ್ಕು ಪ್ರಾಣಿಗಳು ಸತ್ತು, ಸವಾರಿಯನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಅದೇ ವರ್ಷದ ಮಾರ್ಚಿನಲ್ಲಿ ಕೇಂದ್ರ ಸಂಪುಟ ಸೋನ್‌ಪ್ರಯಾಗದಿಂದ ಕೇದಾರಕ್ಕೆ 12.9 ಕಿಲೋಮೀಟರಿನ ರೋಪ್‌ವೇಗೆ ಒಪ್ಪಿಗೆ ಕೊಟ್ಟಿದೆ. ಅದಾದರೆ ಎಂಟೊಂಬತ್ತು ಗಂಟೆಯ ದಾರಿ 36 ನಿಮಿಷಕ್ಕೆ ಇಳಿಯುವುದಂತೆ. ಸುದ್ದಿ ಓದಿದಾಗ ಬಿಜ್ಲಿಯ ಬೆನ್ನು ನೆನಪಾಗಿ ಸಂತೋಷವೇ ಆಯಿತು. ಆ ಮೇಲೆ ಹುಡುಗನ ಅಪ್ಪನ ಸಾಲ ನೆನಪಾಯಿತು.

ಚಿತ್ರಕಲೆಯ ಮಾಸ್ತರರು ಬಿಜ್ಲಿಯ ಚಿತ್ರ ಬರೆದು ಸ್ಟಾಫ್ ರೂಮಿನಲ್ಲಿ ತೂಗುಹಾಕಿದ್ದಾರೆ. ಅದರಲ್ಲಿ ಎಡಗಿವಿ ಹರಿದಿದೆ. ಬಲಗಿವಿ ಎಂದು ಮಾಷ್ ವಾದಿಸುತ್ತಾರೆ. ಆರು ಗಂಟೆ ಆ ಕಿವಿಗಳನ್ನೇ ನೋಡುತ್ತ ಕುಳಿತಿದ್ದ ನಮ್ಮನ್ನು ಸಾಕ್ಷಿಗೆ ಕರೆದರೆ, ನಮಗೂ ಈಗ ಖಚಿತವಿಲ್ಲ.