ಶಾಲೆಯ ಗಡಿ ಬದಲಾದಾಗ ಒಕ್ಕಲು ಮನೆಯವರು ಮಾಡಬೇಕಾದ ಲೆಕ್ಕ



ಬೀಜ, ಗೊಬ್ಬರ, ಕಳೆ, ಕೀಟಗಳ ವಿಷಯ ಬರೆಯುವವರು ಶಾಲೆಯ ಮಾತನ್ನೇಕೆ ಎತ್ತಿದರು ಎಂದು ನೀವು ಕೇಳಬಹುದು. ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ ತಾಲ್ಲೂಕುಗಳಲ್ಲಿ ಮುಂಗಾರಿ ಬಿತ್ತನೆಯೂ ಶಾಲೆಯ ಆರಂಭವೂ ಒಂದೇ ಕಾಲಕ್ಕೆ ಬರುತ್ತವೆ. ಹಾನಗಲ್ಲ ಭಾಗದಲ್ಲಿ ಭತ್ತದ ಕೂರಿಗೆ ಹೂಡುವ ದಿನಗಳಲ್ಲಿಯೇ ಮಕ್ಕಳ ಹೆಸರು ಹಚ್ಚುವ ಕೆಲಸವೂ ಇರುತ್ತದೆ. ಮಗು ಹೋಗುವ ಶಾಲೆ ದೂರವಾದರೆ ಮನೆಯ ದುಡಿಮೆಯ ಕ್ರಮವೇ ಬದಲಾಗುತ್ತದೆ. ಈ ಬದಲಾವಣೆಯ ಪೆಟ್ಟು ಹೆಚ್ಚಾಗಿ ಬೀಳುವುದು 6, 7 ಮತ್ತು 8ನೇ ತರಗತಿಯ ಮಕ್ಕಳಿರುವ ಮನೆಗಳಿಗೆ. ಆದ್ದರಿಂದ ಇದನ್ನೂ ಬೆಳೆಯ ಖರ್ಚಿನಂತೆ ಮೊದಲೇ ಲೆಕ್ಕ ಹಾಕಿಕೊಳ್ಳುವುದು ಜಾಣತನ.

ಗಡಿ ಬದಲಾಗುವ ಮೂರು ಬಗೆ

ನಮ್ಮ ಸೀಮೆಯವರಿಗೆ ಗಡಿ ಬದಲಾವಣೆ ಹೊಸದಲ್ಲ. ಸವಣೂರು 1948ರವರೆಗೆ ನವಾಬರ ಸಂಸ್ಥಾನವಾಗಿತ್ತು. 1956ರಲ್ಲಿ ಧಾರವಾಡ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಹಾವೇರಿ ಜಿಲ್ಲೆಯಾಯಿತು. 2018ರಲ್ಲಿ ಹಿರೇಕೆರೂರ ತಾಲ್ಲೂಕಿನಿಂದ ರಟ್ಟೀಹಳ್ಳಿ ಬೇರೆ ತಾಲ್ಲೂಕಾಯಿತು. ಇವುಗಳಿಂದ ಕಚೇರಿ ಬದಲಾಯಿತೇ ಹೊರತು ಊರ ಶಾಲೆ ಊರಲ್ಲಿಯೇ ಉಳಿಯಿತು.

ಶಾಲೆಯ ಗಡಿಯ ಮಾತು ಬೇರೆ. ಅಮೆರಿಕದಂಥ ದೇಶದಲ್ಲಿ ಯಾವ ಓಣಿಯ ಮಗು ಯಾವ ಶಾಲೆಗೆ ಎಂದು ನಕ್ಷೆಯ ಮೇಲೆ ಗೆರೆ ಎಳೆದಿರುತ್ತಾರೆ. ಗೆರೆ ಸರಿದರೆ ಶಾಲೆಯೂ ಬದಲಾಗುತ್ತದೆ. ನಮ್ಮಲ್ಲಿ ಅಂಥ ಗೆರೆ ಕಾಣದಿದ್ದರೂ ಅದೇ ಪರಿಣಾಮ ಮೂರು ಬಗೆಯಿಂದ ಆಗುತ್ತದೆ.

1. ತರಗತಿ ಮುಗಿಯುವುದು: ಕಿರಿಯ ಪ್ರಾಥಮಿಕ ಶಾಲೆ 5ಕ್ಕೆ ನಿಲ್ಲುತ್ತದೆ. ಬಹಳಷ್ಟು ಹಿರಿಯ ಪ್ರಾಥಮಿಕ ಶಾಲೆಗಳು 7ಕ್ಕೆ ನಿಲ್ಲುತ್ತವೆ. ಹಿಂದೆ 7ನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದರೆ ಓದು ಮುಗಿಯಿತೆಂದು ತಿಳಿಯುತ್ತಿದ್ದರು. ಈಗ ಕಾನೂನಿನ ಪ್ರಕಾರ 8ನೇ ತರಗತಿಯವರೆಗಿನ ಶಿಕ್ಷಣ 6ರಿಂದ 14 ವರ್ಷದ ಪ್ರತಿ ಮಗುವಿನ ಹಕ್ಕು.

2. ಶಾಲೆಗಳ ವಿಲೀನ: 2018ರ ಜುಲೈ ತಿಂಗಳ ರಾಜ್ಯ ಮುಂಗಡಪತ್ರದಲ್ಲಿ 28,847 ಸರ್ಕಾರಿ ಪ್ರಾಥಮಿಕ ಶಾಲೆಗಳನ್ನು ಸಮೀಪದ 8,530 ಶಾಲೆಗಳೊಡನೆ ಸೇರಿಸುವ ಪ್ರಸ್ತಾಪ ಬಂದು, ನಾಡಿನ ತುಂಬ ವಿರೋಧವೆದ್ದಿತು. 2025ರಲ್ಲಿ ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ಮ್ಯಾಗ್ನೆಟ್ ಶಾಲೆಗಳಾಗಿ ಬೆಳೆಸುವ ಯೋಜನೆ ಬಂದಾಗ ಸುತ್ತಲಿನ ಚಿಕ್ಕ ಶಾಲೆಗಳ ಗತಿಯೇನು ಎಂಬ ಪ್ರಶ್ನೆ ಮತ್ತೆ ಎದ್ದಿತು.

3. ಆಡಳಿತದ ಗಡಿ: ಕಂದಾಯ ತಾಲ್ಲೂಕು ಬೇರೆ, ಕ್ಷೇತ್ರ ಶಿಕ್ಷಣಾಧಿಕಾರಿಗಳ ವ್ಯಾಪ್ತಿ ಬೇರೆ. ಒಂದು ಬದಲಾದ ಮಾತ್ರಕ್ಕೆ ಇನ್ನೊಂದು ತಾನಾಗಿಯೇ ಬದಲಾಗುವುದಿಲ್ಲ. ಅರ್ಜಿ ಕೊಡುವ ಮೊದಲು ನಿಮ್ಮ ಶಾಲೆ ಯಾವ ಕಚೇರಿಗೆ ಸೇರಿದೆ ಎಂಬುದನ್ನು ಮುಖ್ಯೋಪಾಧ್ಯಾಯರಿಂದ ಕೇಳಿ ತಿಳಿಯಿರಿ.

ದೂರದ ಲೆಕ್ಕ

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯ ನಿಯಮಗಳ ಪ್ರಕಾರ 1ರಿಂದ 5ನೇ ತರಗತಿಯ ಶಾಲೆ 1 ಕಿ.ಮೀ. ಒಳಗೆ, 6ರಿಂದ 8ನೇ ತರಗತಿಯದು 3 ಕಿ.ಮೀ. ಒಳಗೆ ಇರಬೇಕು. 3 ಕಿ.ಮೀ. ಎಂದರೆ ಎಷ್ಟಾಗುತ್ತದೆ ನೋಡಿರಿ. ಹೋಗಿ ಬರಲು ದಿನಕ್ಕೆ 6 ಕಿ.ಮೀ. ಗಂಟೆಗೆ 4 ಕಿ.ಮೀ. ನಡೆದರೂ ಒಂದೂವರೆ ಗಂಟೆ ಬೇಕು. ಈ ತರಗತಿಗಳಿಗೆ ಕಾಯಿದೆ ವರ್ಷಕ್ಕೆ ಕನಿಷ್ಠ 220 ದಿನ, 1,000 ಗಂಟೆ ಪಾಠ ಹೇಳಬೇಕೆನ್ನುತ್ತದೆ. 220 ದಿನಗಳಿಗೆ ನಡಿಗೆಯ ಕಾಲ 330 ಗಂಟೆಯಾಯಿತು. ಅಂದರೆ ಪಾಠದ ಮೂರನೇ ಒಂದು ಪಾಲಿನಷ್ಟು ಹೊತ್ತು ದಾರಿಯಲ್ಲಿಯೇ ಕಳೆಯುತ್ತದೆ.

ದಾರಿ ನಂಬಿಕೆಯದಲ್ಲವೆಂದು ತಂದೆ ಬೈಕಿನ ಮೇಲೆ ಬಿಟ್ಟು ಕರೆತಂದರೆ ದಿನಕ್ಕೆ ಎರಡು ಸಲ ಹೋಗಿ ಬರುವುದು, ಒಟ್ಟು 12 ಕಿ.ಮೀ. ವರ್ಷಕ್ಕೆ 2,640 ಕಿ.ಮೀ. ಲೀಟರಿಗೆ 50 ಕಿ.ಮೀ. ಓಡುವ ಬೈಕಾದರೂ ಸುಮಾರು 53 ಲೀಟರ್ ಪೆಟ್ರೋಲ್ ಬೇಕು. ಇದಕ್ಕಿಂತ ದೊಡ್ಡದು ಹೊತ್ತಿನ ಖರ್ಚು. ಬಿತ್ತನೆಗೆ ಹದ ಬಂದ ದಿನ, ಗೋವಿನಜೋಳದಲ್ಲಿ ಎಡೆ ಹೊಡೆಯುವ ದಿನ, ಹತ್ತಿ ಅಥವಾ ಮೆಣಸಿನಕಾಯಿ ಬಿಡಿಸುವ ದಿನ ಬೆಳಿಗ್ಗೆ ಮತ್ತು ಸಂಜೆ ಒಬ್ಬರು ಹೊಲ ಬಿಟ್ಟು ಹೋಗಬೇಕಾಗುತ್ತದೆ. ಹದ ಯಾರಿಗೂ ಕಾಯುವುದಿಲ್ಲ. ಅಂಥ ದಿನ ಮಗು ಮನೆಯಲ್ಲಿಯೇ ಉಳಿಯುತ್ತದೆ. ಉಳಿದ ಮಗುವಿಗೆ ದನ ನೋಡುವ ಕೆಲಸವೋ ತಂಗಿಯನ್ನು ಆಡಿಸುವ ಕೆಲಸವೋ ಬೀಳುತ್ತದೆ. ನಾಲ್ಕು ದಿನ ತಪ್ಪಿದ ಪಾಠ ಅರ್ಥವಾಗದೆ ಐದನೆಯ ದಿನ ಮಗುವೇ ಒಲ್ಲೆ ಎನ್ನುತ್ತದೆ. ಹೀಗೆ ಬಿಡುವವರಲ್ಲಿ ಮೊದಲಿಗರು ಬಹುಮಟ್ಟಿಗೆ ಹೆಣ್ಣುಮಕ್ಕಳು. ಊರೊಳಗಿನ ಶಾಲೆಗೆ ಅಂಜದೆ ಕಳಿಸುವ ತಾಯಿ, 12–13 ವರ್ಷದ ಮಗಳನ್ನು ಒಂಟಿ ದಾರಿಯಲ್ಲಿ ಕಳಿಸಲು ಹಿಂದೆ ಮುಂದೆ ನೋಡುವುದು ಸಹಜ.

ನಕ್ಷೆಯ ದೂರವೂ ಕಾಲುದಾರಿಯ ದೂರವೂ ಒಂದೇ ಅಲ್ಲ ಎಂಬುದನ್ನು ಮರೆಯಬಾರದು. ವರದಾ, ಧರ್ಮಾ, ಕುಮುದ್ವತಿ ನದಿಗಳ ಆಸುಪಾಸಿನ ಊರುಗಳಲ್ಲಿ ಬೇಸಿಗೆಯಲ್ಲಿ ಹತ್ತಿರವಿದ್ದ ಶಾಲೆ ಮಳೆಗಾಲದಲ್ಲಿ ಸೇತುವೆ ಸುತ್ತಿ ಹೋಗುವಷ್ಟು ದೂರವಾಗಬಹುದು. 2019ರ ಆಗಸ್ಟ್ ತಿಂಗಳ ವರದಾ ಪ್ರವಾಹವನ್ನು ನೀವೇ ಕಂಡಿದ್ದೀರಿ. ಎರೆಹೊಲದ ದಾರಿಯಂತೂ ಮಳೆಯಾದ ಮೇಲೆ ಕಾಲು ಕೀಳಲು ಬಿಡದು.

ವಿಲೀನವೆಲ್ಲ ಕೆಟ್ಟದ್ದೇ?

ಹಾಗೆನ್ನಲಾಗದು. ಹತ್ತಾರು ಮಕ್ಕಳಿಗೆ ಒಬ್ಬರೇ ಗುರುಗಳಿದ್ದು, ನಾಲ್ಕು ತರಗತಿಗಳನ್ನು ಒಂದೇ ಕೋಣೆಯಲ್ಲಿ ನಡೆಸಿದರೆ ಹತ್ತಿರದ ಶಾಲೆಯಿಂದಲೂ ಹೆಚ್ಚು ಪ್ರಯೋಜನವಿಲ್ಲ. 6ರಿಂದ 8ನೇ ತರಗತಿಗೆ ವಿಜ್ಞಾನ ಮತ್ತು ಗಣಿತ, ಸಮಾಜ ವಿಜ್ಞಾನ, ಭಾಷೆ ಇವುಗಳಿಗೆ ಕನಿಷ್ಠ ಒಬ್ಬೊಬ್ಬ ಶಿಕ್ಷಕರಿರಬೇಕೆಂದು ಕಾಯಿದೆಯೇ ಹೇಳುತ್ತದೆ. ಈ ಶಿಕ್ಷಕರಿದ್ದು, ಹೋಗಿ ಬರಲು ವಾಹನವಿದ್ದರೆ ದೊಡ್ಡ ಶಾಲೆ ಲಾಭವೇ. ಶಿಕ್ಷಕರಿಲ್ಲದೆ, ವಾಹನವಿಲ್ಲದೆ ದೂರ ಮಾತ್ರ ಹೆಚ್ಚಾದರೆ ಅದು ಕೇವಲ ನಷ್ಟ. ಹೊಸ ತಳಿ ಬಂದಾಗ ಇಳುವರಿಯನ್ನೂ ಖರ್ಚನ್ನೂ ಕೂಡಿಯೇ ಕೇಳುತ್ತೀರಿ. ಇಲ್ಲಿಯೂ ಹಾಗೆಯೇ ಕೇಳಬೇಕು.

ಪಾಲಕರು ಕೈಗೊಳ್ಳಬೇಕಾದ ಕ್ರಮಗಳು

1. ಮಗು 5 ಅಥವಾ 7ನೇ ತರಗತಿಯಲ್ಲಿದ್ದಾಗಲೇ, ದೀಪಾವಳಿಯ ಹೊತ್ತಿಗೆ, ಮುಂದಿನ ಶಾಲೆಯನ್ನು ಹೋಗಿ ನೋಡಿ ಬನ್ನಿ. ದಾರಿಯನ್ನು ಮಗುವಿನೊಡನೆ ಒಮ್ಮೆ ನಡೆದು ವೇಳೆ ಗುರುತು ಹಾಕಿಕೊಳ್ಳಿ.

2. ವಿಲೀನದ ಸುದ್ದಿ ಬಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆ ಕರೆಯಿಸಿ. ಕಾಯಿದೆಯ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಹೆಣ್ಣುಮಕ್ಕಳು ಇರಬೇಕು. ಮಕ್ಕಳ ಸಂಖ್ಯೆ, ನಡೆದು ಅಳೆದ ದೂರ, ಹಳ್ಳ ತುಂಬುವ ತಿಂಗಳು ಇವನ್ನು ಠರಾವಿನಲ್ಲಿ ಬರೆಯಿಸಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕಳಿಸಿ, ಸ್ವೀಕೃತಿ ಪಡೆಯಿರಿ. ಬರಿ ಬಾಯಿಮಾತು ಕಡತಕ್ಕೆ ಹೋಗುವುದಿಲ್ಲ.

3. ಪಂಚಾಯಿತಿಯ ಗ್ರಾಮಸಭೆಯಲ್ಲಿಯೂ ಮಕ್ಕಳ ಗ್ರಾಮಸಭೆಯಲ್ಲಿಯೂ ವಿಷಯ ಎತ್ತಿ. ಮಕ್ಕಳು ತಾವೇ ದಾರಿಯ ತೊಂದರೆ ಹೇಳಲಿ.

4. ವರ್ಗಾವಣೆ ಪತ್ರಕ್ಕಾಗಿ ಪ್ರವೇಶ ನಿಲ್ಲಬಾರದು. ಆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ಕೊಡಲು ತಡಮಾಡಿದ ಮುಖ್ಯೋಪಾಧ್ಯಾಯರ ಮೇಲೆ ಶಿಸ್ತು ಕ್ರಮಕ್ಕೂ ಕಾಯಿದೆಯ 5ನೇ ಕಲಮಿನಲ್ಲಿ ಅವಕಾಶವಿದೆ.

5. ಶಕ್ತಿ ಯೋಜನೆ 2023ರ ಜೂನ್ 11ರಂದು ಆರಂಭವಾಗಿ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಖರ್ಚು ತಪ್ಪಿದೆ. ಗಂಡುಮಕ್ಕಳಿಗೆ ರಿಯಾಯಿತಿ ಪಾಸು ಮಾಡಿಸಿ. ಆದರೆ ಶಾಲೆಯ ವೇಳೆಗೆ ಬಸ್ಸೇ ಇಲ್ಲದಿದ್ದರೆ ಇವೆರಡರಿಂದಲೂ ಫಲವಿಲ್ಲ. ನಾಲ್ಕಾರು ಊರಿನವರು ಕೂಡಿ ಬಸ್ ಘಟಕದ ವ್ಯವಸ್ಥಾಪಕರಿಗೆ ಅರ್ಜಿ ಕೊಡಿ.

6. 6ನೇ ತರಗತಿಯಿಂದ ಆರಂಭವಾಗುವ ಮೊರಾರ್ಜಿ ದೇಸಾಯಿ ಮತ್ತು ಕಿತ್ತೂರು ರಾಣಿ ಚನ್ನಮ್ಮ ವಸತಿ ಶಾಲೆಗಳಿಗೆ ಮಗು 5ರಲ್ಲಿದ್ದಾಗಲೇ ಅರ್ಜಿ ಹಾಕಬೇಕಾಗುತ್ತದೆ. ದಿನಾಂಕ ತಪ್ಪಿಸಿಕೊಳ್ಳಬೇಡಿರಿ.

7. ಒಂದೇ ಓಣಿಯ ನಾಲ್ಕೈದು ಮನೆಯವರು ಮುಯ್ಯಾಳು ಮಾಡಿದಂತೆ ಪಾಳಿ ಹಚ್ಚಿಕೊಂಡು ಮಕ್ಕಳನ್ನು ಕೂಡಿ ಕಳಿಸಿ. ಬಿತ್ತನೆಯ ದಿನಗಳ ಪಾಳಿಯನ್ನು ಮೇ ತಿಂಗಳಲ್ಲಿಯೇ ಗೊತ್ತುಮಾಡಿಕೊಳ್ಳಿ.

ತಡವಾಗಿ ಬಿತ್ತಿದರೆ ಒಂದು ವರ್ಷದ ಇಳುವರಿ ಕಡಿಮೆಯಾಗಬಹುದು; ಮುಂದಿನ ಮುಂಗಾರಿಗೆ ಮತ್ತೆ ಬಿತ್ತಬಹುದು. 6ನೇ ತರಗತಿಯಲ್ಲಿ ಶಾಲೆ ಬಿಟ್ಟ ಮಗು ಮರಳಿ ಅದೇ ಹಲಗೆಯ ಮೇಲೆ ಕುಳಿತುಕೊಳ್ಳುವುದು ಬಲು ಕಷ್ಟ. ಈ ವರ್ಷದ ಬೀಜ, ಗೊಬ್ಬರದ ಯಾದಿ ಬರೆಯುವಾಗ ಅದರ ಕೆಳಗೆ ಶಾಲೆಯ ದಾರಿಯ ಲೆಕ್ಕವನ್ನೂ ಬರೆಯಿರಿ.